ಧರೆ ಕಡಿದು ಕಟ್ಟಿದ ಮನೆಯ ಕೆಳಗಿನ ರೂಮು ಬೆಚ್ಚಗಿರಬೇಕಾದರೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಸಮತಟ್ಟಾದ ಸೈಟು ಸಿಗುವುದು ಕಡಿಮೆ. ಧರೆ, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬ, ಕಡಿದೇ ಮನೆ ಕಟ್ಟಬೇಕು. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಹಿಂದಿನ ಇಳಿಜಾರಿಗೆ ಹೋಗಿ ನೋಡಿದರೆ ಕೆಳಗೆ ಇನ್ನೆರಡು ರೂಮು ಇರುತ್ತವೆ, ಅಲ್ವಾ? ಆ ರೂಮಿನ ಎರಡೋ ಮೂರೋ ಗೋಡೆಗಳಿಗೆ ಹಿಂದೆ ಬರೀ ಮಣ್ಣು. ಏಪ್ರಿಲ್‌ನಲ್ಲಿ ಅಲ್ಲಿ ಮಲಗಿದರೆ ಫ್ಯಾನೂ ಬೇಡ. ಆರಿದ್ರಾ ಮಳೆ ಹಿಡಿಯಿತೆಂದರೆ ಹಾಸಿಗೆ ಥಂಡಿ, ಬೀರುವಿನ ಬಟ್ಟೆಗೆಲ್ಲ ಬೂಷ್ಟು, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ.

ನಮ್ಮ ಅತ್ತೆ ಮಲಗುವುದು ಅಂಥ ರೂಮಿನಲ್ಲೇ. ಹಿತ್ತಲು, ಕೊಟ್ಟಿಗೆ ಎಲ್ಲ ಅದೇ ಮಟ್ಟದಲ್ಲಿವೆ, ಮೆಟ್ಟಿಲು ಹತ್ತಿಳಿಯುವ ಕಷ್ಟವಿಲ್ಲ, ಹಾಗಾಗಿ ಮೇಲೆ ಬನ್ನಿ ಅಂದರೆ ಅವರು ಒಪ್ಪುವುದಿಲ್ಲ. ಮಳೆಗಾಲವಿಡೀ ಅವರು ಕೆಮ್ಮುವುದನ್ನು ಕೇಳಲಾರದೆ ಮೊದಲ ಸಲ ನಾವು ಒಳಗಿನಿಂದ ಗೋಡೆಗೆ ಮರದ ರೀಪರ್ ಹೊಡೆಸಿ, ನಡುವೆ ಥರ್ಮೋಕೋಲ್ ತುಂಬಿಸಿ, ಮೇಲೆ ಪ್ಲೈವುಡ್ ಮುಚ್ಚಿಸಿದೆವು. ಎರಡು ತಿಂಗಳು ಚೆನ್ನಾಗಿತ್ತು. ಗಣೇಶನ ಹಬ್ಬದ ಹೊತ್ತಿಗೆ ಪ್ಲೈವುಡ್ ಉಬ್ಬಿತು. ಬಿಚ್ಚಿ ನೋಡಿದರೆ ಗೋಡೆ ತುಂಬಾ ಕಪ್ಪು ಬೂಷ್ಟು, ರೀಪರ್ ಮೇಲೆ ಗೆದ್ದಲಿನ ಸಾಲು. ಎಲ್ಲ ಕಿತ್ತು ಎಸೆದೆವು. ಇನ್ನೊಬ್ಬರಿಗೆ ಆ ನಷ್ಟ ಆಗಬಾರದು, ಅದಕ್ಕೇ ಎರಡನೇ ಸಲ ಸರಿಯಾಗಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನೆಲಮಾಳಿಗೆ ಬೆಚ್ಚಗಿಡುವ ಬಗ್ಗೆ ಹುಡುಕಿದರೆ ಸಿಗುವ ಬಹುಪಾಲು ಮಾಹಿತಿ ಹಿಮ ಬೀಳುವ ದೇಶಗಳದ್ದು. ಅಲ್ಲಿ ಚಳಿಗಾಲದಲ್ಲಿ ಹೊರಗಿನ ಮಣ್ಣೇ ಹೆಪ್ಪುಗಟ್ಟುತ್ತದೆ, ಮನೆಯ ಬಿಸಿ ಹೊರಗೆ ಹೋಗದಂತೆ ತಡೆಯುವುದೇ ಅವರ ಮುಖ್ಯ ಕೆಲಸ. ನಮ್ಮಲ್ಲಿ ಕೆಲವು ಅಡಿ ಆಳದ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯ ನಡುವೆ. ಅದು ಮೈ ಕೊರೆಯುವ ಚಳಿ ಅಲ್ಲ. ನಮ್ಮನ್ನು ನಡುಗಿಸುವುದು ಒದ್ದೆ. ಒದ್ದೆ ಗೋಡೆ ಒಣಗುವಾಗ ರೂಮಿನ ಬಿಸಿಯನ್ನೇ ಹೀರಿಕೊಳ್ಳುತ್ತದೆ, ಒದ್ದೆ ಬಟ್ಟೆ ಉಟ್ಟು ನಿಂತ ಹಾಗೆ. ಕಡೂರು, ಅರಸೀಕೆರೆ ಕಡೆಯವರಿಗೆ ಈ ಗೋಳು ಅಷ್ಟಿಲ್ಲ. ಅಲ್ಲಿ ಮಳೆ ಕಡಿಮೆ, ನೆಲದೊಳಗಿನ ರೂಮು ಸುಮ್ನೆ ತಂಪಾಗಿರುತ್ತದೆ. ಅವರು ಗೋಡೆಗೆ ದುಡ್ಡು ಹಾಕುವ ಬದಲು ತಾರಸಿಯ ಬಿಸಿಲಿಗೆ ಏನಾದರೂ ಮಾಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಒದ್ದೆ ಎಲ್ಲಿಂದ ಬರುತ್ತಿದೆ? ಇದನ್ನು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಎರಡಡಿ ಅಗಲ, ಎರಡಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯ ಒಂದು ಜಾಗವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಅಂಟಿಸಿ. ನೆಲಕ್ಕೂ ಒಂದು ಹೀಗೇ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಮುಂಬದಿ, ರೂಮಿನ ಕಡೆ ಹನಿ ಇದ್ದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ಬೆವರುತ್ತಿದೆ. ನಮ್ಮಲ್ಲಿ ಎರಡೂ ಇತ್ತು. ಈ ಕಡೆಯ ಹೆಚ್ಚಿನ ಮನೆಗಳಲ್ಲಿ ಹಾಗೇ ಇರುತ್ತದೆ ಅಂತ ನನಗನಿಸುತ್ತದೆ.

ಈ ಪರೀಕ್ಷೆ ಮಾಡಬೇಕಾದದ್ದು ಜುಲೈನಲ್ಲಿ, ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ. ಅದೇ ಹೊತ್ತಿಗೆ ಗೋಡೆಯಲ್ಲಿ ಒದ್ದೆ ಎಲ್ಲಿಯವರೆಗೆ ಏರಿದೆ ಅಂತ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮಳೆ ನಡುವೆ ಎಲ್ಲಾದರೂ ಜಲ ಎದ್ದರೆ, ಅಂದರೆ ನೆಲದಿಂದ ನೀರು ಉಕ್ಕಿದರೆ, ಫೋನಿನಲ್ಲಿ ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಮೇಸ್ತ್ರಿ ಬಂದಾಗ ಗೋಡೆ ಬೆಳ್ಳಗೆ ಒಣಗಿರುತ್ತದೆ, ಏನೂ ಕಾಣುವುದಿಲ್ಲ. ಕೆಲಸ ಮಾಡಿಸುವುದು ಮಾತ್ರ ಬೇಸಿಗೆಯಲ್ಲೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು ಇರುವುದರಿಂದ ಆಳುಗಳು ಸಿಗುವುದು ಕಷ್ಟ. ಮಾರ್ಚಿಗೆ ಈಗಲೇ ಹೇಳಿಡಿ.

ಮೊದಲ ಕೆಲಸ ಮನೆಯ ಹೊರಗೆ, ಅದೂ ಸೂರಿನಿಂದ ಶುರು. ಸಾವಿರ ಚದರ ಅಡಿಯ ಸೂರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ನಮ್ಮ ಮಳೆಗೆ ಅದು ದೊಡ್ಡ ಸಂಗತಿಯಲ್ಲ. ಆ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಒಳಗೆ ಏನು ಬಳಿದರೂ ದಂಡ. ಸೂರಿಗೆ ಸುತ್ತ ದೋಣಿ (ಅಂಚಿನಲ್ಲಿ ಮಳೆನೀರು ಹಿಡಿಯುವ ಗಟರ್) ಹಾಕಿಸಿ, ಪೈಪಿನಲ್ಲಿ ಇಳಿಸಿ, ಮನೆಯಿಂದ ಕನಿಷ್ಠ ಹತ್ತಡಿ ದೂರ, ಇಳಿಜಾರಿನ ಕೆಳಬದಿಗೆ ಬಿಡಿ. ನೆರೆಯವರ ಧರೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಮನೆಯ ಸುತ್ತ ನೆಲ ಹೊರಗಿಳಿಯುವಂತೆ ಇರಬೇಕು. ಹತ್ತಡಿಗೆ ಅರ್ಧ ಅಡಿ ಇಳಿದರೆ ಸಾಕು.

ಆಮೇಲೆ ಬಸಿಗಾಲುವೆ. ಕಾಫಿ ತೋಟದಲ್ಲಿ, ಅಡಿಕೆ ತೋಟದಲ್ಲಿ ನೀರು ನಿಲ್ಲದಂತೆ ತೆಗೆಯುತ್ತೇವಲ್ಲ, ಅದನ್ನೇ ಮನೆಯ ಮೇಲ್ಬದಿಗೂ ತೆಗೆಯಬೇಕು. ಇಷ್ಟು ವರ್ಷ ಗಿಡದ ಬೇರಿಗೆ ಮಾಡಿದ ಉಪಚಾರ ಮನೆಯ ಪಾಯಕ್ಕೆ ಮಾಡಿರಲಿಲ್ಲವಲ್ಲ ಅಂತ ನನಗೆ ಆಗ ಅನಿಸಿತು. ಗೋಡೆಯಿಂದ ಸ್ವಲ್ಪ ದೂರದಲ್ಲಿ ಕಾಲುವೆ ತೋಡಿ, ಬಸಿಗಾಲುವೆಗೆಂದೇ ಬರುವ ಸೋಸುಬಟ್ಟೆ ಹಾಸಿ, ನಾಲ್ಕಿಂಚಿನ ತೂತು ಪೈಪನ್ನು ನೂರಡಿಗೆ ಒಂದಡಿ ಇಳಿಜಾರಿನಲ್ಲಿಟ್ಟು, ಸುತ್ತ 20 ಮಿಲಿಮೀಟರ್ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಿ ಮುಚ್ಚಬೇಕು. ಬಟ್ಟೆ ಬಿಟ್ಟರೆ ನಮ್ಮ ಕೆಂಪು ಮಣ್ಣು ಜಲ್ಲಿಯ ಸಂದಿಗೆಲ್ಲ ಇಳಿದು ಪೈಪು ಕಟ್ಟಿಕೊಳ್ಳುತ್ತದೆ. ಪಾಯದ ಮಟ್ಟಕ್ಕಿಂತ ಕೆಳಗೆ ಮಾತ್ರ ಎಂದೂ ಅಗೆಯಬೇಡಿ. ಧರೆ ಎತ್ತರವಿದ್ದರೆ, ಅಥವಾ ಅದರಲ್ಲಿ ಬಿರುಕು ಕಂಡರೆ, ಗುದ್ದಲಿ ಹಾಕುವ ಮೊದಲು ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ.

ಇನ್ನೊಂದು ತಪ್ಪನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಧರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಬಸಿಯಲು ತೂತು ಬಿಟ್ಟಿರುತ್ತಾರೆ. ಅಂಗಳ ಕೆಸರಾಗುತ್ತದೆ ಅಂತ ಅದಕ್ಕೆ ಸಿಮೆಂಟ್ ಮೆತ್ತುತ್ತಾರೆ. ದಯವಿಟ್ಟು ಬೇಡ. ಗೋಡೆಯ ಹಿಂದೆ ಒಂದು ಮೀಟರ್ ನೀರು ನಿಂತರೆ ಅದರ ಬುಡದಲ್ಲಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ನಮ್ಮ ಮೇಸ್ತ್ರಿ ಬಂದವರೇ ಮೊದಲು ಆ ತೂತುಗಳಿಗೆ ಕಬ್ಬಿಣದ ಸರಳು ಹಾಕಿ ಬಿಡಿಸಿದರು. "ಅಕ್ಕಾ, ಇದು ಬಂದ್ ಆಗಿದ್ದಕ್ಕೇ ನೀರು ನಿಮ್ಮ ರೂಮಿನ ಕಡೆ ತಿರುಗಿದ್ದು" ಅಂದರು. ಆ ಮಳೆಗಾಲದಲ್ಲೇ ಗೋಡೆಯ ಒದ್ದೆ ನನ್ನ ಪೆನ್ಸಿಲ್ ಗೆರೆಗಿಂತ ಒಂದೂವರೆ ಅಡಿ ಕೆಳಗೆ ನಿಂತಿತು.

ಹೊರಗಿನದು ಮುಗಿದ ಮೇಲೆ ಗೋಡೆಗೆ ಒಣಗಲು ಸಮಯ ಕೊಡಿ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ. ಸೈಜುಗಲ್ಲಿನ ದಪ್ಪ ಗೋಡೆ ಪೂರ್ತಿ ಒಣಗುವವರೆಗೆ ಕಾಯಲಾಗದಿದ್ದರೂ ಒಂದು ಬೇಸಿಗೆಯಾದರೂ ಬಿಡಿ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಅದರ ಪುಡಿ ಮನೆಯೆಲ್ಲ ಹರಡುತ್ತದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಉಪ್ಪು ಬಿಟ್ಟ, ಪೊಳ್ಳಾದ ಗಿಲಾವನ್ನು ಕೆತ್ತಿಸಿ ಹೊಸದಾಗಿ ಮಾಡಿಸಿ, ಮೇಲೆ ಸಿಮೆಂಟ್ ಬೆರೆತ ವಾಟರ್‌ಪ್ರೂಫ್ ಲೇಪನವನ್ನು ಎರಡು ಕೋಟು ಹೊಡೆಸಿ. ಸಾದಾ ಪೇಂಟು ಮಣ್ಣಿನ ತೇವಕ್ಕೆ ತಡೆಯುವುದಿಲ್ಲ, ಬೊಕ್ಕೆ ಎದ್ದು ಉದುರುತ್ತದೆ.

ಈಗ ಗೋಡೆಗೆ ಒಳಗಿನಿಂದ ಅಂಟಿಸುವ, ಬಿಸಿ ದಾಟದಂತೆ ತಡೆಯುವ ಶೀಟಿನ ವಿಷಯ. ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮೋಕೋಲ್ ಇಲ್ಲಿಗೆ ಬೇಡ, ಅದರ ಕಾಳುಗಳ ನಡುವೆ ನೀರು ಸೇರುತ್ತದೆ. ಗಾಜಿನ ಉಣ್ಣೆ ಒಮ್ಮೆ ಒದ್ದೆಯಾದರೆ ಮುಗಿಯಿತು. ಕೇಳಬೇಕಾದದ್ದು ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಎಂಬ ಫೋಮ್ ಶೀಟ್. ಒತ್ತಾಗಿ, ಗಟ್ಟಿಯಾಗಿ ಇರುತ್ತದೆ, ನೀರು ಹೀರುವುದು ತೀರಾ ಕಡಿಮೆ. ಬಿಸಿ ದಾಟದಂತೆ ತಡೆಯುವುದರಲ್ಲಿ ಇದರ ಎರಡಿಂಚು ಸುಮಾರು ನಾಲ್ಕಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ. ನಮ್ಮ ಹವೆಗೆ ಒಂದಿಂಚು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ, ಎರಡಿಂಚಿಗಿಂತ ಜಾಸ್ತಿ ಬೇಡವೇ ಬೇಡ.

ಅಂಟಿಸುವ ರೀತಿಯಲ್ಲೇ ಎಲ್ಲ ಇದೆ. ಗಾಳಿಯಲ್ಲಿ 28 ಡಿಗ್ರಿ ಬಿಸಿ, ನೂರಕ್ಕೆ 75 ತೇವ ಇದ್ದರೆ, 23 ಡಿಗ್ರಿಗಿಂತ ತಣ್ಣಗಿರುವ ಯಾವ ಗೋಡೆಯಾದರೂ, ನೆಲವಾದರೂ ಬೆವರುತ್ತದೆ. ಮೇ ತಿಂಗಳಲ್ಲಿ ಮುಂಗಾರಿನ ಮೊದಲು ಒಂದೆರಡು ಮಳೆ ಬಿದ್ದ ದಿನ ಕೆಳಗಿನ ನೆಲ ಒರೆಸಿದಷ್ಟೂ ಒದ್ದೆಯಾಗುವುದು ಇದರಿಂದಲೇ. ಶೀಟಿನ ಹಿಂದೆ ಸಂದಿ ಬಿಟ್ಟರೆ ರೂಮಿನ ಗಾಳಿ ಅಲ್ಲಿಗೆ ನುಗ್ಗಿ, ತಣ್ಣನೆಯ ಗೋಡೆಗೆ ತಾಗಿ, ನಮಗೆ ಕಾಣದ ಹಾಗೆ ಬೆವರುತ್ತದೆ. ನಮ್ಮ ಮೊದಲ ಕೆಲಸ ಕೆಟ್ಟದ್ದೂ ಹೀಗೇ. ಆದ್ದರಿಂದ ಸಿಮೆಂಟಿನ ಅಂಟನ್ನು ಬಾಚಣಿಗೆ ಕರಣೆಯಿಂದ ಇಡೀ ಶೀಟಿಗೆ ಹಚ್ಚಿ, ಗೋಡೆಗೆ ಪೂರ್ತಿ ಒತ್ತಿ ಕೂರಿಸಬೇಕು. ಸುಮ್ನೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟರೆ ಸಾಲದು. ಸಂದುಗಳಿಗೆ ಟೇಪು, ಪೈಪು ತೂರಿದ ಕಡೆ ಮತ್ತು ಕಿಟಕಿಯ ಚೌಕಟ್ಟಿನ ಸುತ್ತ ಪಿಯು (ಪಾಲಿಯುರೆಥೇನ್) ಫೋಮ್.

ಗೆದ್ದಲನ್ನು ಮರೆಯಬೇಡಿ. ಅದು ಫೋಮನ್ನು ತಿಂದು ಬದುಕುವುದಿಲ್ಲ, ಆದರೆ ಅದರೊಳಗೆ ದಾರಿ ಕೊರೆದು ಮೇಲಿನ ಮರಕ್ಕೆ ಏರುತ್ತದೆ. ನೆಲದಿಂದ ನಾಲ್ಕಿಂಚು ಶೀಟು ಹಾಕದೆ ಬಿಡಿ, ಸಾಲು ಕಟ್ಟಿದರೆ ಅಲ್ಲಿ ಕಣ್ಣಿಗೆ ಬೀಳುತ್ತದೆ. ರೀಪರ್ ಬದಲು ಜಿಐ ಚಾನೆಲ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪಟ್ಟಿ, ಬಳಸಿ. ಶೀಟನ್ನು ಬರಿದಾಗಿ ಬಿಡಬಾರದು, ಬೆಂಕಿ ತಗುಲಿದರೆ ವಿಷದ ಹೊಗೆ ಬರುತ್ತದೆ. ಮೇಲೆ ಸಿಮೆಂಟ್ ಬೋರ್ಡ್ ಮುಚ್ಚಿಸಿ. ಜಿಪ್ಸಮ್ ಬೋರ್ಡ್ ನಮ್ಮ ತೇವಕ್ಕೆ ಮೆತ್ತಗಾಗುತ್ತದೆ. ಸ್ವಿಚ್‌ಬೋರ್ಡ್‌ಗಳನ್ನು ಎಲೆಕ್ಟ್ರಿಷಿಯನ್ ಕೈಲಿ ಮುಂದಕ್ಕೆ ತೆಗೆಸಿ.

ನೆಲಕ್ಕೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಂದಿಂಚಿನ ಎಕ್ಸ್‌ಪಿಎಸ್, ಮೇಲೆ ತಂತಿಬಲೆ ಹಾಕಿ ಎರಡಿಂಚು ಕಾಂಕ್ರೀಟ್, ಆಮೇಲೆ ಟೈಲ್ಸ್. ಬಾಗಿಲಿನ ಎತ್ತರ ಕಡಿಮೆಯಾಗುತ್ತದೆ, ಮೊದಲೇ ಅಳೆಯಿರಿ.

ಕರೆಂಟ್ ಬಿಲ್ಲಿಗೆ ಬರುತ್ತೇನೆ. 2,000 ವಾಟ್ ಹೀಟರ್ ದಿನಕ್ಕೆ ನಾಲ್ಕು ಗಂಟೆ ಉರಿದರೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಮೆಸ್ಕಾಂ ಆಗಲಿ ಹಾಸನದವರ ಚೆಸ್ಕಾಂ ಆಗಲಿ. ಅಂದರೆ ಒಂದು ಹೀಟರ್ ಇಡೀ ಮನೆಯ ಲೆಕ್ಕವನ್ನೇ ತಪ್ಪಿಸುತ್ತದೆ. ಅದರ ಬದಲು ಗಾಳಿಯ ತೇವ ಹೀರುವ ಯಂತ್ರ ತನ್ನಿ. 300 ವಾಟಿನದ್ದು ದಿನಕ್ಕೆ ಎಂಟು ಗಂಟೆ ಓಡಿದರೂ ತಿಂಗಳಿಗೆ 72 ಯೂನಿಟ್. ನೀರನ್ನು ಗಾಳಿಯಿಂದ ತೆಗೆಯುವಾಗ ರೂಮನ್ನು ಸ್ವಲ್ಪ ಬಿಸಿಯೂ ಮಾಡುತ್ತದೆ. ಜೊತೆಗೊಂದು ಚಿಕ್ಕ ತೇವಾಂಶ ಮೀಟರ್ ಇಟ್ಟು 60ರ ಹತ್ತಿರ ಇರುವಂತೆ ನೋಡಿಕೊಳ್ಳಿ. ಯಂತ್ರ ಓಡುವಾಗ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಹೊರಗಿನ ಮಳೆಯನ್ನೇ ಒಣಗಿಸುತ್ತಾ ಕೂತಿರುತ್ತದೆ. ಕಿಟಕಿ ತೆಗೆಯುವುದು ಬಿಸಿಲು ಬಂದ ದಿನ.

ಥಂಡಿ ಅಂತ ಬಾಣಲೆಯಲ್ಲಿ ಕೆಂಡ ತಂದು ಮುಚ್ಚಿದ ರೂಮಿನಲ್ಲಿ ಇಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸಂದುಗಳನ್ನೆಲ್ಲ ಮುಚ್ಚಿದ ರೂಮಿನಲ್ಲಿ ಅಪಾಯ ಇನ್ನೂ ಜಾಸ್ತಿ.

ಈ ವರ್ಷ ಇಷ್ಟೆಲ್ಲ ಮಾಡಿಸುವಷ್ಟು ದುಡ್ಡು ಕೈಯಲ್ಲಿ ಇಲ್ಲದಿದ್ದರೆ ದೋಣಿ ಮತ್ತು ಬಸಿಗಾಲುವೆ ಮಾತ್ರ ಮಾಡಿಸಿ, ಶೀಟು ಮುಂದಿನ ವರ್ಷಕ್ಕಿರಲಿ. ಬೀರು, ಮಂಚಗಳನ್ನು ಮಣ್ಣು ಹೊತ್ತ ಗೋಡೆಯಿಂದ ಮೂರು ನಾಲ್ಕಿಂಚು ಮುಂದಕ್ಕೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಒದ್ದೆ ಬಟ್ಟೆಯನ್ನು ಆ ರೂಮಿನಲ್ಲಿ ಹರವಬೇಡಿ, ಒಂದು ಬಕೆಟ್ ಬಟ್ಟೆಯ ನೀರು ಅಲ್ಲಿನ ಗಾಳಿಗೇ ಸೇರುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಏಣಿ ಹಾಕಿ ದೋಣಿಯೊಳಗಿನ ಸಿಲ್ವರ್ ಓಕ್ ಎಲೆಗಳನ್ನು ಬಳಿದು ತೆಗೆಯಿರಿ.