ಕ್ಯಾಮೆರಾದ ಎರಡು ಕಾರ್ಡ್ ಸ್ಲಾಟ್: ಧಾರೆಗೆ ಮೊದಲೇ ಹೊಂದಿಸಿಕೊಳ್ಳುವುದು ಹೇಗೆ?

ಕಾರ್ಕಳದ ಹತ್ತಿರ ಒಂದು ಮದುವೆ. ಸೇಸೆ (ಅಕ್ಷತೆ) ಹಾಕುವ ಸಾಲು ಇನ್ನೂ ಮುಗಿದಿರಲಿಲ್ಲ. ನನ್ನ ಜೊತೆ ಫೋಟೊ ತೆಗೆಯುತ್ತಿದ್ದ ಹುಡುಗ ಹತ್ತಿರ ಬಂದು, ‘ಅಣ್ಣಾ, ಕಾರ್ಡ್ ಎರರ್ ಬಂತು. ಆದ್ರೆ ಎರಡನೇ ಕಾರ್ಡ್ ಉಂಟಲ್ಲ, ಅದ್ರಲ್ಲಿ ಎಲ್ಲ ಇರ್ತದೆ’ ಎಂದ. ತೆಗೆದು ನೋಡಿದರೆ ಎರಡನೇ ಕಾರ್ಡ್‌ನಲ್ಲಿ ಒಂದೇ ಒಂದು ಫೋಟೊ ಇಲ್ಲ. ಆ ರಾತ್ರಿ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಎರಡು ಗಂಟೆಯವರೆಗೆ ಕುಳಿತೆವು. ಕೆಲವು ಫೋಟೊ ಮರಳಿ ಬಂದವು. ಧಾರೆಯ ಫೋಟೊಗಳಲ್ಲಿ ಮಾತ್ರ ಮೇಲೆ ಮದುಮಗಳ ಹಣೆ, ಹೂವು. ಕೆಳಗೆ ನೀರು ಬೀಳುವ ಕೈಗಳಿರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣ.

ಅವನ ಕ್ಯಾಮೆರಾದಲ್ಲಿ ಸ್ಲಾಟ್ ಎರಡಿತ್ತು, ಕಾರ್ಡೂ ಎರಡಿತ್ತು. ಮೆನುವಿನಲ್ಲಿ ಬ್ಯಾಕಪ್, ಅಂದರೆ ಪ್ರತಿ ಫೋಟೊವನ್ನೂ ಎರಡೂ ಕಾರ್ಡ್‌ಗೆ ಬರೆಯುವ ಆಯ್ಕೆ, ಹಾಕಿರಲಿಲ್ಲ, ಅಷ್ಟೆ. ಉಡುಪಿ, ಮಂಗಳೂರು ಕಡೆ ಈ ತಪ್ಪನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಲೇಖನ.

1. ಒಂದೇ ಬಗೆಯ ಎರಡು ಕಾರ್ಡ್ ಕೊಳ್ಳಿ

ಒಂದೇ ಕಂಪನಿ, ಒಂದೇ ಅಳತೆ, ಒಂದೇ ವೇಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಕಚ್ಚಾ ಫೈಲ್) ಸುಮಾರು 25ರಿಂದ 30 ಎಂಬಿ. ಮದುವೆಯಲ್ಲಿ 1,500 ಕ್ಲಿಕ್ ಆದರೆ ಸುಮಾರು 37ರಿಂದ 45 ಜಿಬಿ ಆಗುತ್ತದೆ. ಹಾಗಾಗಿ 64 ಜಿಬಿಯ ಜೋಡಿ ಸಾಕು. ಮೊಬೈಲಿನ ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರ್‌ಗೆ ತುರುಕಿ ಮದುವೆಗೆ ಹೋಗಬೇಡಿ. ಇನ್ನೊಂದು ಕಡೆ ಸಡಿಲಾಗಲು ನೀವೇ ಜಾಗ ಮಾಡಿಕೊಟ್ಟಂತೆ. ಅರ್ಧ ಬೆಲೆಗೆ ಸಿಗುವ ಕಾರ್ಡ್ ಕೂಡ ಬೇಡ. ಮೇಲೆ 128 ಜಿಬಿ ಎಂದು ಬರೆದು ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿ ಕಾರ್ಡ್‌ಗಳು ಇವೆ. ನಿಜವಾದ ಜಾಗ ಮುಗಿದ ಮೇಲೂ ಅದು ಫೋಟೊ ತೆಗೆದುಕೊಳ್ಳುವಂತೆ ನಟಿಸುತ್ತದೆ, ಮನೆಗೆ ಬಂದು ನೋಡಿದರೆ ಫೈಲ್ ತೆರೆಯುವುದಿಲ್ಲ. ಹೊಸ ಕಾರ್ಡ್ ತಂದ ದಿನವೇ ಕಂಪ್ಯೂಟರಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯು ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

2. ಸ್ಲಾಟ್ ಎರಡಕ್ಕೆ ಕೆಲಸ ಹೇಳಿ

ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಎರಡನೇ ಕಾರ್ಡ್ ಏನು ಮಾಡಬೇಕೆಂದು ಕ್ಯಾಮೆರಾಗೆ ನೀವೇ ಹೇಳಬೇಕು. ಹೇಳದಿದ್ದರೆ ನಿಕಾನ್ ಕ್ಯಾಮೆರಾ ಸಾಮಾನ್ಯವಾಗಿ ‘ಓವರ್‌ಫ್ಲೋ’ದಲ್ಲಿ ಇರುತ್ತದೆ: ಮೊದಲ ಕಾರ್ಡ್ ತುಂಬಿದ ಮೇಲಷ್ಟೇ ಎರಡನೆಯದಕ್ಕೆ ಬರೆಯುತ್ತದೆ. ಕ್ಯಾನನ್‌ನಲ್ಲಿ ‘ಸ್ಟ್ಯಾಂಡರ್ಡ್’ ಇರುತ್ತದೆ: ನೀವು ಆರಿಸಿದ ಒಂದೇ ಕಾರ್ಡ್‌ಗೆ ಬರೆಯುತ್ತದೆ, ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ಆ ಹುಡುಗನಿಗೆ ಆದದ್ದು ಇದೇ.

ನಿಕಾನ್‌ನಲ್ಲಿ ಫೋಟೊ ಶೂಟಿಂಗ್ ಮೆನುವಿನೊಳಗೆ ಸ್ಲಾಟ್ 2ರ ಪಾತ್ರ ಆರಿಸುವ ಸಾಲಿಗೆ ಹೋಗಿ ‘ಬ್ಯಾಕಪ್’ ಒತ್ತಿ. ಕ್ಯಾನನ್‌ನಲ್ಲಿ ರೆಕಾರ್ಡ್ ಫಂಕ್ಷನ್ ತೆರೆದು ‘ರೆಕಾರ್ಡ್ ಟು ಮಲ್ಟಿಪಲ್’ ಆರಿಸಿ. ಅದರ ಪಕ್ಕದಲ್ಲೇ ‘ರೆಕಾರ್ಡ್ ಸೆಪರೇಟ್ಲಿ’ ಇದೆ, ಅದು ಬೇರೆ. ಒಂದೊಂದು ಕಾರ್ಡ್‌ಗೆ ಒಂದೊಂದು ಗುಣಮಟ್ಟದ ಫೈಲ್ ಹಾಕುವುದಕ್ಕೆ. ಸೋನಿಯಲ್ಲಿ ಸೈಮಲ್ಟೇನಿಯಸ್ ರೆಕಾರ್ಡಿಂಗ್ ಹುಡುಕಿ. ಅಲ್ಲಿ ಫೋಟೊಗೆ ಬೇರೆ, ವಿಡಿಯೊಗೆ ಬೇರೆ ಎಂದು ಬರುತ್ತದೆ, ಗಮನಿಸಿ. ಅನೇಕ ಕ್ಯಾಮೆರಾಗಳಲ್ಲಿ ಬ್ಯಾಕಪ್ ಹಾಕಿದ್ದರೂ ವಿಡಿಯೊ ಒಂದೇ ಕಾರ್ಡ್‌ಗೆ ಹೋಗುತ್ತದೆ. ಮದುವೆಯ ವಿಡಿಯೊ ಕೂಡ ನಿಮ್ಮದೇ ಜವಾಬ್ದಾರಿಯಾದರೆ ಇದನ್ನು ಮುಂಚೆಯೇ ತಿಳಿದುಕೊಳ್ಳಿ.

ಒಂದರಲ್ಲಿ ರಾ, ಇನ್ನೊಂದರಲ್ಲಿ ಜೆಪೆಗ್ ಹಾಕಿದರೆ ಸಾಕಲ್ಲ, ಜಾಗವೂ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಮಗುವಿನ ನಾಮಕರಣಕ್ಕೆ ಸರಿ. ರಾತ್ರಿ ಭೂತಕೋಲಕ್ಕೆ ಬೇಡ. ಅರದಳ ಬಳಿದ ಹಳದಿ ಮುಖದ ಮೇಲೆ ದೊಂದಿಯ ಬೆಳಕು ಒಂದು ಕಡೆಯಿಂದ, ಟ್ಯೂಬ್‌ಲೈಟ್ ಇನ್ನೊಂದು ಕಡೆಯಿಂದ ಬೀಳುತ್ತದೆ. ಸ್ವಲ್ಪ ಬೆಳಕು ಹೆಚ್ಚಾದರೂ ಜೆಪೆಗ್‌ನಲ್ಲಿ ಆ ಹಳದಿ ಬೆಳ್ಳಗಾಗಿ, ಅದರ ಮೇಲಿನ ಕಪ್ಪು ಗೆರೆಗಳೂ ಅಳಿಸಿದಂತೆ ಕಾಣುತ್ತವೆ. ಬೆಳಕಿನ ಏರಿಳಿತ ಬರೆದಿಡಲು ಜೆಪೆಗ್‌ಗೆ 8 ಬಿಟ್, ರಾಗೆ 12 ಅಥವಾ 14 ಬಿಟ್. ಹಿಂದಕ್ಕೆ ತರಲು ರಾದಲ್ಲಿ ಮಾತ್ರ ಏನಾದರೂ ಉಳಿದಿರುತ್ತದೆ. ರಾ ಇದ್ದ ಕಾರ್ಡೇ ಕೆಟ್ಟರೆ? ಎರಡಕ್ಕೂ ರಾ ಹೋಗಲಿ.

ಬ್ಯಾಕಪ್‌ನಿಂದ ಒಂದು ತೊಂದರೆ ಇದೆ: ನಿಧಾನದ ಕಾರ್ಡ್ ಎಷ್ಟು ಓಡುತ್ತದೋ ಕ್ಯಾಮೆರಾವೂ ಅಷ್ಟೇ ಓಡುತ್ತದೆ. 2012ರ ಕ್ಯಾನನ್ 5ಡಿ ಮಾರ್ಕ್ 3ರಲ್ಲಿ ಸಿಎಫ್ (ಕಾಂಪ್ಯಾಕ್ಟ್‌ಫ್ಲ್ಯಾಶ್) ಕಾರ್ಡಿನ ಸ್ಲಾಟ್ ವೇಗದ್ದು, ಎಸ್‌ಡಿ ಸ್ಲಾಟ್ ನಿಧಾನದ್ದು. 2018ರ ಸೋನಿ ಎ7 ಮೂರರಲ್ಲಿ ಯುಎಚ್‌ಎಸ್ 2 ಎಂಬ ಹೆಚ್ಚಿನ ವೇಗ ಇರುವುದು ಮೊದಲ ಸ್ಲಾಟ್‌ಗೆ ಮಾತ್ರ. ದಸರೆಯಲ್ಲಿ ಪಿಲಿವೇಷದವರು (ಹುಲಿವೇಷದವರು) ಹಿಂದಕ್ಕೆ ಪಲ್ಟಿ ಹೊಡೆಯುವಾಗ ಒತ್ತಿ ಹಿಡಿದರೆ ಕ್ಯಾಮೆರಾ ನಡುವೆ ನಿಂತುಬಿಡುತ್ತದೆ. ಅಂಥ ಕಡೆಯೂ ಬ್ಯಾಕಪ್ ಆಫ್ ಮಾಡಬೇಡಿ, ಚಿಕ್ಕ ಚಿಕ್ಕದಾಗಿ ಒತ್ತಿ.

3. ಒಂದು ಫೋಟೊ ತೆಗೆದು ನೋಡಿ

ಮೆನುವನ್ನು ನಂಬಬೇಡಿ. ಮಂಟಪದ ಒಂದು ಫೋಟೊ ತೆಗೆದು, ಕ್ಯಾಮೆರಾ ಆಫ್ ಮಾಡಿ, ಮೊದಲ ಕಾರ್ಡ್ ಹೊರಗೆ ತೆಗೆದು, ಎರಡನೆಯದರಲ್ಲೇ ಅದೇ ಫೋಟೊ ಕಾಣುತ್ತದೋ ನೋಡಿ. ಅರ್ಧ ನಿಮಿಷದ ಕೆಲಸ. ಕಾರ್ಡ್ ತೆಗೆಯುವಾಗ ಪಕ್ಕದ ಪುಟ್ಟ ಲಾಕ್ ಸರಿಯದಿರಲಿ, ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗದಿರಲಿ. ನಮ್ಮ ಸೆಖೆಯಲ್ಲಿ ಬೆವರದ ಕೈ ಇಲ್ಲ, ಮಲ್ಪೆ ಕಡಲಬದಿಯಲ್ಲಂತೂ ಉಪ್ಪುಗಾಳಿಯೂ ಸೇರುತ್ತದೆ.

4. ಮದುವೆ ನಡೆಯುವಾಗ

ಕ್ಯಾಮೆರಾದಲ್ಲೇ ಫೋಟೊ ಡಿಲೀಟ್ ಮಾಡಬೇಡಿ. ಹಲವು ಕ್ಯಾಮೆರಾಗಳಲ್ಲಿ ಪರದೆ ಮೇಲೆ ಕಾಣುವ ಕಾರ್ಡ್‌ನಿಂದ ಮಾತ್ರ ಅದು ಹೋಗುತ್ತದೆ, ಆಮೇಲೆ ಎರಡು ಕಾರ್ಡ್‌ಗಳ ಲೆಕ್ಕ ತಾಳೆಯಾಗುವುದಿಲ್ಲ. ಬ್ಯಾಕಪ್‌ನಲ್ಲಿ ಒಂದು ಕಾರ್ಡ್ ತುಂಬಿದರೂ ಶಟರ್ ನಿಲ್ಲುತ್ತದೆ. ಆದ್ದರಿಂದ ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಎಷ್ಟು ಜಾಗ ಉಳಿದಿದೆ ಎಂದು ನೋಡಿ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಿ.

5. ಮುಗಿದ ಮೇಲೆ

ಎರಡು ಕಾರ್ಡ್‌ಗಳನ್ನು ಬೇರೆ ಮಾಡಿ. ಒಂದು ನನ್ನ ಅಂಗಿ ಜೇಬಿಗೆ, ಇನ್ನೊಂದು ಬ್ಯಾಗಿಗೆ. ಬಸ್ಸಿನಲ್ಲಿ ಬ್ಯಾಗ್ ಬಿಟ್ಟು ಇಳಿದರೂ ಮದುವೆ ಉಳಿಯಬೇಕು. ಮನೆಗೆ ಬಂದು ಮೊದಲ ಕಾರ್ಡ್‌ನಿಂದ ಒಂದು ಹಾರ್ಡ್ ಡಿಸ್ಕ್‌ಗೆ, ಎರಡನೇ ಕಾರ್ಡ್‌ನಿಂದ ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುತ್ತೇನೆ. ಒಂದೇ ಕಾರ್ಡ್‌ನಿಂದ ಎರಡು ಸಲ ಕಾಪಿ ಮಾಡಿದರೆ ಇನ್ನೊಂದು ಕಾರ್ಡ್ ಸರಿಯಾಗಿದೆಯೋ ಇಲ್ಲವೋ ಎಂದು ನಿಮಗೆ ತಿಳಿಯುವುದೇ ಇಲ್ಲ. ಎರಡೂ ಕಡೆ ಫೈಲ್‌ಗಳ ಸಂಖ್ಯೆ ಹೊಂದಿಸಿ, ಅಲ್ಲಲ್ಲಿ ಹತ್ತಿಪ್ಪತ್ತು ಫೋಟೊ ತೆರೆದು ನೋಡಿ.

6. ಫಾರ್ಮ್ಯಾಟ್

ಇದನ್ನು ಕಂಪ್ಯೂಟರಿನಲ್ಲಿ ಬೇಡ, ಕ್ಯಾಮೆರಾದಲ್ಲೇ ಮಾಡಿ, ಮುಂದಿನ ಕಾರ್ಯಕ್ರಮದ ಹಿಂದಿನ ರಾತ್ರಿ. ಮಂಟಪದಲ್ಲಿ ನಿಂತು, ಬೀಗರು ಕರೆಯುತ್ತಿರುವಾಗ ಮಾಡುವ ಕೆಲಸ ಅಲ್ಲ ಅದು. ಪ್ರತಿ ಸ್ಲಾಟ್ ಬೇರೆ ಬೇರೆಯಾಗಿ ಫಾರ್ಮ್ಯಾಟ್ ಆಗುತ್ತದೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ, ಹಳೆಯ ಮದುವೆಯ ಫೋಟೊಗಳ ಮೇಲೆಯೇ ಹೊಸದು ಸೇರುತ್ತಾ ಹೋಗಿ, ಎರಡನೇ ಕಾರ್ಡ್ ಧಾರೆಯ ಹೊತ್ತಿಗೆ ತುಂಬಿ ಶಟರ್ ನಿಲ್ಲುತ್ತದೆ. ಪರದೆಯಲ್ಲಿ ಸ್ಲಾಟ್ 1 ಎಂದು ಓದಿ, ಒತ್ತಿ. ಮತ್ತೆ ಮೆನುವಿಗೆ ಹೋಗಿ ಸ್ಲಾಟ್ 2 ಎಂದು ಓದಿ, ಒತ್ತಿ. ಕೊನೆಗೆ ಎರಡೂ ಕಾರ್ಡ್ ಖಾಲಿ ಇವೆಯೆಂದು ಪ್ಲೇ ಬಟನ್ ಒತ್ತಿ ನೋಡಿ ಮಲಗಿ.