ಸೀತನಿ ಕಾಲಕ್ಕೆ ತೋಟದ ವಸ್ತಿಯಲ್ಲಿ ಬೆಳ್ಳಿಹಬ್ಬ: ಎರಡು ದಿನ ಹೊಂದಿಸುವುದು ಹೇಗೆ?

ನಮ್ಮ ಕಡೆ ಲಗ್ನಗಳು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಹೀಗಾಗಿ ಅಪ್ಪ–ಅವ್ವನ ಲಗ್ನಕ್ಕೆ 25 ವರ್ಷ ತುಂಬುವ ದಿನವೂ ನಡು ಬೇಸಿಗೆಗೇ ಬಂದು ಬೀಳುತ್ತದೆ. ಆಗ ವಿಜಯಪುರ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಎರಿ (ಕಪ್ಪು ಮಣ್ಣಿನ) ಹೊಲ ಬಾಯಿಬಿಟ್ಟು ಮಲಗಿರುತ್ತದೆ, ನೋಡಲು ಬೇಲಿಗುಂಟದ ಜಾಲಿ ಬಿಟ್ಟರೆ ಹಸಿರಿಲ್ಲ. ತೋಟದ ವಸ್ತಿಯಲ್ಲಿ, ಅಂದರೆ ಹಣ ಕೊಟ್ಟು ಉಳಿಯಬಹುದಾದ ಹೊಲದ ರೈತರ ಮನೆಯಲ್ಲಿ, ಮನೆಮಂದಿಯೆಲ್ಲ ಸೇರಿ ಆಚರಿಸುವ ಮನಸ್ಸಿದ್ದರೆ ಕ್ಯಾಲೆಂಡರಿನ ತಾರೀಖು ಬಿಟ್ಟು ತೆನೆಯ ತಾರೀಖು ಹಿಡಿಯಿರಿ. ನಾಲ್ಕು ತಿಂಗಳು ಮೊದಲು ಆಚರಿಸಿದರೆ ಲಗ್ನವೇನೂ ಸಡಿಲಾಗುವುದಿಲ್ಲ.

‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಮಾತು ಹುಟ್ಟಿದ ಡೋಣಿ ಹೊಳೆಯ ಸಾಲಿನಲ್ಲಿ ಹಿಂಗಾರಿ ಬಿಳಿಜೋಳ ಹಾಲುಗಾಳು ಕಟ್ಟುವುದು ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ. ಎಳೆ ಜೋಳದ ತೆನೆ ಸುಟ್ಟು ಕಾಳು ತಿನ್ನುವ ಸೀತನಿಯ ಕಾಲ ಇದೇ. ಲೆಕ್ಕ 12 ಜನರ ಒಂದು ಕುಟುಂಬಕ್ಕೆ ಹಾಕಿದ್ದೇವೆ. ಹೆಚ್ಚು ಕಡಿಮೆ ಇದ್ದರೆ ಹೊಂದಿಸಿಕೊಳ್ಳಿ.

ಮೊದಲು ಬಿತ್ತಿದ ದಿನ ಕೇಳಿ

ನವೆಂಬರಿನಲ್ಲೇ ವಸ್ತಿಯ ಯಜಮಾನರಿಗೆ ಫೋನ್ ಮಾಡಿ. ‘ರೂಮು ಖಾಲಿ ಇವೆಯೇ’ ಎಂದು ಕೇಳುವ ಮೊದಲು ‘ಜೋಳ ಯಾವತ್ತು ಬಿತ್ತೀರಿ’ ಎಂದು ಕೇಳಿ. ಬಿತ್ತಿದ ದಿನದಿಂದ ಸುಮಾರು 90–95 ದಿನಕ್ಕೆ ಕಾಳು ಸೀತನಿ ಹದಕ್ಕೆ ಬರುತ್ತದೆ. ಅಕ್ಟೋಬರ್ 5ಕ್ಕೆ ಬಿತ್ತಿದ್ದರೆ ಜನವರಿ 3ರಿಂದ 8ರ ಆಸುಪಾಸು. ಒಂದು ಹೊಲದಲ್ಲಿ ಈ ಹದ ಉಳಿಯುವುದು ವಾರ, ಹೆಚ್ಚೆಂದರೆ ಹತ್ತು ದಿನ. ಚಳಿ ಜೋರಾದರೆ ಸ್ವಲ್ಪ ಮುಂದೆ ಹೋಗುತ್ತದೆ, ಸೆಕೆ ಬಂದರೆ ಬೇಗ ಬಲಿಯುತ್ತದೆ. ಅದಕ್ಕೆ ಎರಡು ವಾರಾಂತ್ಯಗಳನ್ನು ಕಾಯ್ದಿರಿಸಿ, ಹೊರಡುವ ವಾರ ಮೊದಲು ಒಂದನ್ನು ಗಟ್ಟಿ ಮಾಡಿ.

ತಳಿಯನ್ನೂ ಕೇಳಿ. ಮಾಲ್ದಂಡಿಯನ್ನೂ ಸುಟ್ಟು ತಿನ್ನಬಹುದು, ಆದರೆ ಅದು ರೊಟ್ಟಿಯ ಜೋಳ. ಸೀತನಿಗೆಂದೇ ಕೆಲವರು ಒಂದೆರಡು ಸಾಲು ‘ಸಕ್ಕರಿ ಮುಕ್ಕರಿ’ ಬಿತ್ತಿರುತ್ತಾರೆ. ಅದರ ರುಚಿಯೇ ಬೇರೆ. ಆ ಸಾಲಿಗೆ ಇತ್ತೀಚೆಗೆ ಔಷಧ ಹೊಡೆದಿದ್ದರೆ ಬೇರೆ ಹೊಲದ ತೆನೆ ತರಿಸಲು ಹೇಳಿ.

ಎಳ್ಳ ಅಮಾವಾಸ್ಯೆ ಕೂಡ ಇದೇ ಹೊತ್ತಿಗೆ ಬರುತ್ತದೆ. ಅಂದು ರೈತರ ಮನೆಯವರೆಲ್ಲ ಹೊಲದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಚರಗ (ಭೂತಾಯಿಗೆ ಅಡುಗೆಯ ಎಡೆ) ಚೆಲ್ಲಿ, ಬೀಗರು ಬಿಜ್ಜರೊಂದಿಗೆ ಉಣ್ಣುವ ದಿನ. ಅವರೇ ಕರೆದರೆ ಖಂಡಿತ ಹೋಗಿ. ದುಡ್ಡು ಕೊಟ್ಟು ಅದೇ ದಿನ ನಿಮ್ಮ ಸಮಾರಂಭ ಇಟ್ಟುಕೊಳ್ಳುವುದು ಮಾತ್ರ ಬೇಡ. ಆ ಮನೆಯ ಹೆಣ್ಣುಮಕ್ಕಳಿಗೆ ಅಂದು ಕೈಬಿಡುವಿರುವುದಿಲ್ಲ.

ಮಾತು ಗಟ್ಟಿ ಮಾಡಿಕೊಳ್ಳುವಾಗ

ರಾಸು ಕಟ್ಟಿರುವ, ಬಣವಿ ಇರುವ, ದಿನಾ ಹಾಲು ಕರೆಯುವ ಮನೆಯನ್ನೇ ಆರಿಸಿ. ಗೋಡೆಗೆ ಚಕ್ಕಡಿ ಗಾಲಿ ತೂಗುಹಾಕಿ ದೀಪ ಹಚ್ಚಿದ್ದೆಲ್ಲ ವಸ್ತಿಯಲ್ಲ. ಮನೆ ದುಡಿಯುವ ಮನೆಯಾದ್ದರಿಂದಲೇ ಕೆಲವು ಪ್ರಶ್ನೆಗಳನ್ನು ನಾಚದೆ ಕೇಳಬೇಕು.

ಮೊದಲನೆಯದು ಕರೆಂಟು. ಪಂಪ್‌ಸೆಟ್ ಲೈನಿನ ಮೇಲಿರುವ ಮನೆಗೆ ತ್ರೀ ಫೇಸ್ ಬರುವುದು ಪಾಳಿ ಪ್ರಕಾರ, ದಿನಕ್ಕೆ ಕೆಲವೇ ತಾಸು. ಆ ವಾರದ ಪಾಳಿ ಹಗಲೋ ರಾತ್ರಿಯೋ ತಿಳಿದುಕೊಂಡು, ನೀವು ಬರುವ ಮೊದಲೇ ಟಾಕಿ ತುಂಬಿಸಿಡಲು ಹೇಳಿ. ಇದನ್ನು ಮರೆತವರು ಬೆಳಿಗ್ಗೆ ಎಂಟಕ್ಕೆ ಖಾಲಿ ನಲ್ಲಿಯ ಮುಂದೆ ಟವೆಲ್ ಸುತ್ತಿಕೊಂಡು ನಿಲ್ಲುತ್ತಾರೆ. ಸ್ನಾನಕ್ಕೆ ಒಬ್ಬರಿಗೆ 20 ಲೀಟರ್ ಎಂದರೂ 240 ಲೀಟರ್ ಬಿಸಿನೀರು. ಒಂದು ಹಂಡೆಯಲ್ಲಿ ಅದು ಆಗದು. ಅರ್ಧ ಮಂದಿ ಬೆಳಿಗ್ಗೆ, ಅರ್ಧ ಮಂದಿ ಸಂಜೆ ಎಂದು ಹಂಚಿಕೊಳ್ಳಿ. ಬೋರಿನ ನೀರು ಬಹಳ ಕಡೆ ಸವಳು. ಕುಡಿಯಲು, ಚಹಾಕ್ಕೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ ಎರಡು ದಿನಕ್ಕೆ 96 ಲೀಟರ್, ಅಂದರೆ 20 ಲೀಟರಿನ 5 ಕ್ಯಾನ್.

ಶೌಚಾಲಯ ಎರಡಾದರೂ ಇರಲಿ, ಮಂಡಿನೋವಿನವರಿಗಾಗಿ ಒಂದರಲ್ಲಿ ಕಮೋಡ್ ಇರಲಿ. ಬಾವಿಗೆ ಕಟ್ಟೆ ಇದೆಯೇ ಕೇಳಿ. ಹಳೆಯ ಬಾವಿಗಳು ನೆಲಮಟ್ಟಕ್ಕೇ ಬಾಯಿ ತೆರೆದಿರುತ್ತವೆ, ಸಣ್ಣ ಮಕ್ಕಳಿದ್ದರೆ ಆ ಕಡೆ ಒಬ್ಬರನ್ನು ಕಾವಲಿಗೆ ನೇಮಿಸಲೇಬೇಕು. ಅಮೆರಿಕದಿಂದ ಬಂದ ಮಗಳು–ಅಳಿಯ ವಿದೇಶಿ ಪಾಸ್‌ಪೋರ್ಟಿನವರಾದರೆ ಹಣ ಪಡೆದು ಇರಿಸಿಕೊಳ್ಳುವವರು 24 ತಾಸಿನೊಳಗೆ ಅವರ ವಿವರದ ಸರ್ಕಾರಿ ಫಾರ್ಮ್ (ಹಿಂದೆ ‘ಸಿ ಫಾರ್ಮ್’ ಎನ್ನುತ್ತಿದ್ದರು) ತುಂಬಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಮೊದಲೇ ಕಳಿಸಿ.

ದರ ತಲೆಗೆ ಎಷ್ಟು, ಅದರಲ್ಲಿ ಎಷ್ಟು ಊಟ, ಸೀತನಿ ಸೇರಿದೆಯೋ ಬೇರೆಯೋ, ಚಕ್ಕಡಿ ಎಷ್ಟು ಸುತ್ತು, ಮಳೆಯಾದರೆ ಮುಂಗಡ ಏನಾಗುತ್ತದೆ ಎಂಬುದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ‘ಹೂಂ’ ಅನ್ನಿಸಿಕೊಳ್ಳಿ. ‘ಅದಕ್ಕೇನ್ರೀ ಸಾಹೇಬ್ರ, ನೋಡ್ಕೊಳ್ಳೋಣು’ ಎಂಬ ಮಾತು ಪ್ರೀತಿಯದು, ಲೆಕ್ಕದ್ದಲ್ಲ.

ತಲುಪುವ ದಾರಿ

ಎರಿ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಜನವರಿಯಲ್ಲೂ ಒಂದು ಅಡ್ಡಮಳೆ ಬಿದ್ದರೆ ಹೊಲದ ದಾರಿಯಲ್ಲಿ ಕಾರಿನ ಗಾಲಿ ಮಣ್ಣು ಸುತ್ತಿಕೊಂಡು ನಿಂತೇಬಿಡುತ್ತದೆ. ಎಕ್ಸಲೇಟರ್ ಒತ್ತಿದಷ್ಟೂ ಒಳಗಿಳಿಯುತ್ತದೆ. ಮಳೆ ಬಂದಿದ್ದರೆ ಕಾರನ್ನು ಡಾಂಬರು ಅಥವಾ ಮುರುಮಿನ ರಸ್ತೆಯಲ್ಲೇ ಬಿಟ್ಟು, ಮುಂದೆ ಟ್ರ್ಯಾಕ್ಟರ್ ಕರೆಸಿಕೊಳ್ಳಿ.

ಒಣ ದಾರಿಯಾದರೆ ದಂಪತಿಯನ್ನು ಚಕ್ಕಡಿಯಲ್ಲಿ ಕೂರಿಸಿ ಕರೆತರುವುದು ಚೆಂದ. ಒಂದು ಸಲಕ್ಕೆ ಆರು ಜನ ಸಾಕು. ಎಲ್ಲರೂ ಹಿಂದೆ ಕೂತರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಎಲ್ಲರೂ ಮುಂದೆ ಸರಿದರೆ ಅಷ್ಟೂ ಭಾರ ಹೆಗಲ ಮೇಲೆ. ಅಚ್ಚಿನ ಎರಡೂ ಬದಿಗೆ ಸಮ ಹಂಚಿಕೊಂಡು ಕೂರಬೇಕು, ಹತ್ತುವುದು ಇಳಿಯುವುದು ಒಬ್ಬೊಬ್ಬರೇ. ಖಿಲಾರಿ ಎತ್ತು ಹೊಸಬರಿಗೆ ಬೆದರುತ್ತದೆ. ಹಿಂದಿನಿಂದ ಹೋಗಿ ಮುಟ್ಟುವುದು, ಕೊಂಬಿನ ಪಕ್ಕ ಸೆಲ್ಫಿ ಎರಡೂ ಬೇಡ.

ಸೀತನಿ: ಹದ, ಬೆಂಕಿ, ಕೈ

ಒಬ್ಬರಿಗೆ 4ರಿಂದ 6 ತೆನೆ, 12 ಜನಕ್ಕೆ 60–70 ಕೊಯ್ಯಿಸಿ. ಸಂಜೆ ನಾಲ್ಕಕ್ಕೆ ಸುಡುವುದಾದರೆ ಮೂರರ ಮೇಲೆ ಕೊಯ್ದರೆ ಸಾಕು. ಬೆಳಿಗ್ಗೆಯೇ ಕೊಯ್ದು ಗೋಣಿಚೀಲದಲ್ಲಿಟ್ಟರೆ ಸಿಹಿ ಇಳಿದು ಕಾಳು ಬಿಗಿಯುತ್ತದೆ. ಹದ ನೋಡಲು ತೆನೆಯ ನಡುವಿನ ಒಂದು ಕಾಳನ್ನು ಉಗುರಿನಿಂದ ಚಿವುಟಿ. ಬಿಳಿ ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಸುಟ್ಟಾಗ ಸುಕ್ಕಾಗಿ ಅಂಟಿಕೊಳ್ಳುತ್ತದೆ. ಕಲಸಿದ ಹಿಟ್ಟಿನಂತೆ ಒತ್ತಿದರೆ ಸರಿಯಾದ ಹದ. ಉಗುರು ಇಳಿಯದಿದ್ದರೆ ಅದು ರಾಶಿಗೆ ಹೋಗಲಿ.

ನೆಲದಲ್ಲಿ ಒಂದು ಗೇಣು ಆಳ, ಎರಡು ಗೇಣು ಅಗಲದ ಕುಣಿ ತೋಡಿ. ಗಾಳಿ ಬೀಸುವ ದಿಕ್ಕು ನೋಡಿ, ಬಣವಿಯಿಂದ ಕನಿಷ್ಠ 50 ಹೆಜ್ಜೆ ದೂರ. ಪೂರ್ತಿ ಒಣಗಿದ 15–20 ಕುಳ್ಳು (ಸಗಣಿಯ ಬೆರಣಿ) ಒಟ್ಟಿ ಹಚ್ಚಿ. ಹಸಿ ಕುಳ್ಳಾದರೆ ತೆನೆಗೆಲ್ಲ ಹೊಗೆ ವಾಸನೆ. ಅರ್ಧ ತಾಸಿನ ಮೇಲೆ ಜ್ವಾಲೆ ತಗ್ಗಿ, ಹೊಗೆ ನಿಂತು, ಕೆಂಡದ ಮೇಲೆ ತೆಳ್ಳಗೆ ಬೂದಿ ಮುಸುಕುತ್ತದೆ. ಅಲ್ಲಿಯವರೆಗೆ ತಾಳ್ಮೆ ಬೇಕು. ಪೇಟೆಯಿಂದ ಬಂದವರು ತಪ್ಪುವುದು ಇಲ್ಲೇ: ಉರಿಯಲ್ಲಿ ತೆನೆ ಹಿಡಿಯುತ್ತಾರೆ, ಮೇಲಿನ ಹೊಟ್ಟು ಕರಕಾಗುತ್ತದೆ, ಒಳಗೆ ಕಾಳು ಹಸಿ.

ದಂಟು ಹೊರಗಿರುವಂತೆ ನಾಲ್ಕೈದು ತೆನೆಗಳನ್ನು ಬಿಸಿಬೂದಿಯಲ್ಲಿ ಹುಗಿದು, ತಿರುವುತ್ತ ಮೂರು ನಾಲ್ಕು ನಿಮಿಷ ಇಡಿ. ಒಂದೆರಡು ಕಾಳು ಚಟ್ ಎನ್ನುತ್ತವೆ, ಬೇಯಿಸಿದ ಗೋವಿನಜೋಳದಂಥ ವಾಸನೆ ಬರುತ್ತದೆ. ತೆಗೆದು ಕೊಡವಿ, ಗೋಣಿತಾಟಿನ ಮೇಲೆ ಬಿಸಿ ಇರುವಾಗಲೇ ಎರಡೂ ಅಂಗೈಯಲ್ಲಿ ತಿಕ್ಕಬೇಕು. ಆರಿದರೆ ಕಾಳು ಸಿಪ್ಪೆ ಬಿಡುವುದಿಲ್ಲ. ಹೊಸಬರ ಕೈ ಸುಡುತ್ತದೆ, ಮನೆಯವರು ತಿಕ್ಕಲಿ, ನೀವು ಮೊರದಲ್ಲಿ ಕೇರಿ. ಸುಂಕು (ಕಾಳಿಗಂಟಿದ ಹೊಟ್ಟು) ಸರಿಯಾಗಿ ಹಾರದಿದ್ದರೆ ಗಂಟಲಲ್ಲಿ ಚುಚ್ಚುತ್ತದೆ, ಮಕ್ಕಳಿಗೆ ಕೊಡುವ ಮೊದಲು ಇನ್ನೊಮ್ಮೆ ಕೇರಿ.

ಜೊತೆಗೆ ಬೆಲ್ಲ, ಒಣಕೊಬ್ಬರಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆನೆಮೊಸರು. ಹಸಿಗಾಳು ಹೊಟ್ಟೆಯಲ್ಲಿ ಭಾರವಾಗುತ್ತದೆ, ಆದ್ದರಿಂದ ರಾತ್ರಿಗೆ ನುಚ್ಚು ಮಜ್ಜಿಗೆ ಅಷ್ಟೇ ಹೇಳಿ. ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಡಕ್ ರೊಟ್ಟಿಯ ದೊಡ್ಡ ಊಟ ಮರುದಿನ ಮಧ್ಯಾಹ್ನಕ್ಕಿರಲಿ. ಎರಡನ್ನೂ ಒಂದೇ ಸಂಜೆಗೆ ತುರುಕಿದರೆ ಹೋಳಿಗೆ ಹಾಗೇ ಉಳಿಯುತ್ತದೆ.

ಉಡಿ ತುಂಬುವುದು

ದೊಡ್ಡ ಊಟದ ಮೊದಲು ದಂಪತಿಯನ್ನು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿ ಆರತಿ ಮಾಡಿ, ಅವ್ವನಿಗೆ ಉಡಿ ತುಂಬುತ್ತಾರೆ. ಸಾಮಾನು ನೀವೇ ಒಯ್ಯಿರಿ: ಗುಳೇದಗುಡ್ಡದ ಖಣ, ಅಕ್ಕಿ, ತೆಂಗಿನಕಾಯಿ, ಐದೈದು ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಎಲೆ. ಎರಡು ಜೊತೆ ತನ್ನಿ. ಆ ಮನೆಯ ಯಜಮಾನತಿಗೂ ಉಡಿ ತುಂಬದೆ ಬರಬಾರದು, ದುಡ್ಡು ಕೊಟ್ಟಿದ್ದೇವಲ್ಲ ಎಂಬ ಲೆಕ್ಕ ಇಲ್ಲಿ ನಡೆಯದು. ಹಾಡು, ಕುಣಿತಕ್ಕೆ ಧ್ವನಿವರ್ಧಕ ಇದ್ದರೆ ರಾತ್ರಿ 10ಕ್ಕೆ ಬಂದ್ ಮಾಡಿ. ಕಾನೂನೂ ಅದೇ, ಕಟ್ಟಿದ ರಾಸಿಗೂ ಅದೇ ಒಳ್ಳೆಯದು.

ರಾತ್ರಿ ಮತ್ತು ಹೊರಡುವ ಬೆಳಗು

ಹಗಲಿನ ಬಿಸಿಲು ನಂಬಿ ತೆಳ್ಳನೆಯ ಬಟ್ಟೆ ತಂದವರು ನಸುಕಿನಲ್ಲಿ ನಡುಗುತ್ತಾರೆ. ಬಯಲು ಹೊಲದಲ್ಲಿ ಚಳಿ ಊರಿಗಿಂತ ಹೆಚ್ಚು. ಮಾಳಿಗೆ ಮೇಲೆ ಮಲಗುವವರಿಗೆ ಕೌದಿಯ ಜೊತೆ ಕಂಬಳಿಯೂ ಬೇಕು. ಕತ್ತಲಲ್ಲಿ ಹೊರಗೆ ಹೋಗುವಾಗ ಬೂಟು, ಬ್ಯಾಟರಿ ಕಡ್ಡಾಯ. ಬೆಳಿಗ್ಗೆ ಬೂಟು ಕೊಡವಿಯೇ ಹಾಕಿ, ಚೇಳು ಇರಬಹುದು. ಹಾವಿನ ಔಷಧ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಏನೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ.

ಹೊರಡುವ ಮುನ್ನ ಒಂದು ಚೀಲ ಜೋಳ ಬೇಕೆಂದು ಕೇಳುವವರು ಹೋದ ವರ್ಷದ್ದೇ ಕೇಳಬೇಕು, ಈ ವರ್ಷದ ರಾಶಿಗೆ ಇನ್ನೂ ತಿಂಗಳಿದೆ. ಸೀತನಿ ಕುಣಿಗೆ ಎರಡು ಕೊಡ ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ಒಂದು ಕೊಡ ಹೊಯ್ದು ಮಣ್ಣು ಮುಚ್ಚಿ. ಕುಳ್ಳಿನ ಕೆಂಡ ಬೂದಿಯೊಳಗೆ ಮರುದಿನದವರೆಗೂ ಆರದೆ ಇರುತ್ತದೆ, ಸುತ್ತ ಒಣಗುತ್ತಿರುವ ಜೋಳ ನಿಂತಿರುತ್ತದೆ.