ಮೂರನೇ ಸಲಕ್ಕೆ ಒಲಿದ 13ನೇ ಹೆದ್ದಾರಿ

"ಬ್ಯಾನ್ಫ್‌ನ ಬೆಟ್ಟ ಬಿಟ್ಟು ಯಾರಾದ್ರೂ ಹೊಲ ನೋಡೋಕೆ ಹೋಗ್ತಾರೇನ್ರೀ?" ಕೆನಡಾದ ರೆಜೈನಾ ನಗರದ ನಮ್ಮ ಕನ್ನಡ ಗೆಳೆಯರು ಎರಡು ಬೇಸಿಗೆ ಇದನ್ನೇ ಹೇಳಿ ನಕ್ಕರು. ನಗೋ ಹಾಗೇ ಆಗಿತ್ತು ಬಿಡಿ. ಸಸ್ಕಾಚೆವಾನ್ ಪ್ರಾಂತ್ಯದ ದಕ್ಷಿಣದಲ್ಲಿ 13ನೇ ಹೆದ್ದಾರಿಯ ಊರುಗಳಿಗೆ ಮೊದಲ ಸಲ ಹೊರಟದ್ದು ಲಾಂಗ್ ವೀಕೆಂಡಿನಲ್ಲಿ. ಒಂದೇ ದಿನಕ್ಕೆ ಒಂಬತ್ತು ಊರು, ಒಂಬತ್ತರಲ್ಲೂ ಮ್ಯೂಸಿಯಂ, ಕೆಫೆ ಎಲ್ಲಕ್ಕೂ ಬೀಗ. ನೂರು ಡಾಲರ್ ಹತ್ತಿರ ಪೆಟ್ರೋಲ್ ಸುಟ್ಟು, ಚಿಪ್ಸ್ ತಿಂದು ಮನೆಗೆ ಬಂದೆವು.

ಎರಡನೇ ಸಲ ಫೋನು ತೋರಿಸಿದ ಅಡ್ಡದಾರಿ ನಂಬಿ ಗ್ರಿಡ್ ರೋಡಿಗೆ, ಅಂದರೆ ಹೊಲಗಳ ನಡುವಿನ ಡಾಂಬರಿಲ್ಲದ ದಾರಿಗೆ, ಇಳಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಅಲ್ಲಿನವರು ಗಂಬೋ ಅನ್ನುವ ಜೇಡಿ ನಮ್ಮ ಗದಗದ ಎರೆಮಣ್ಣಿನ ದಾಯಾದಿ. ಚಕ್ರಕ್ಕೆ ಮೆತ್ತಿ ಮೆತ್ತಿ ಕಾರು ನಿಂತೇಬಿಟ್ಟಿತು. ಎಳೆಸಲು ಮುನ್ನೂರು ಚಿಲ್ಲರೆ. ಎರೆ ಹೊಲದಲ್ಲೇ ಬೆಳೆದವರಿಗೆ ಇಷ್ಟೂ ತಿಳಿಯಲಿಲ್ಲವಾ ಅಂತ ಹೆಂಡತಿ ಇವತ್ತಿಗೂ ಚುಚ್ಚುತ್ತಾಳೆ.

ಮೂರನೇ ಸಲ ಮಂಗಳವಾರ ಹೊರಟೆವು. ದಿನಕ್ಕೆ ಮೂರೇ ಊರು, ಡಾಂಬರು ಬಿಡುವಂತಿಲ್ಲ, ಬೆಳಗ್ಗೆ ಹತ್ತಕ್ಕೆ ಕೆಫೆಯಲ್ಲಿ ಹಾಜರ್. ಅದು 'ಕಾಫಿ ರೋ' ಹೊತ್ತು, ಅಂದರೆ ಸೂರಿರುವ ಅರಳಿಕಟ್ಟೆ. ಹಿರಿಯ ರೈತರು ಮಳೆ, ರೇಟು, ಯಾರ ಟ್ರ್ಯಾಕ್ಟರ್ ಕೆಟ್ಟಿತು ಅಂತ ಮಾತಾಡುತ್ತಿರುತ್ತಾರೆ. ಅವರ ಮುಂದೆ ನಾನು ಎತ್ತುವ ಮೊದಲ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯೋದಿಲ್ಲ. ಅದು ಕೆಲಸ ಮಾಡಿದರೆ ಮ್ಯೂಸಿಯಂನ ಬೀಗದ ಕೈ ಅವರ ಬಳಿಯಿಂದಲೇ ತಾನಾಗೇ ಹೊರಬರುತ್ತದೆ. ಹಾಗೇ ಎರಡು ಮ್ಯೂಸಿಯಂ, ಒಂದು ಹಳೇ ಮರದ ಎಲಿವೇಟರ್ (ಕಾಳು ತುಂಬಿಡುವ ಎತ್ತರದ ಕಣಜ) ಒಳಗಿಂದ ನೋಡಿದೆವು.

ಒಬ್ಬರು ಹಗೇವಿಗೇ ಕರೆದೊಯ್ದು, "ಇದು ನಿಮ್ಮ ದೇಶಕ್ಕೇ ಹೋಗೋದು" ಅಂತ ಹಸಿರು ಮಸೂರ ಅರ್ಧ ಬಕೆಟ್ ಕೊಟ್ಟರು. ರಾತ್ರಿ ಕ್ಯಾಂಪ್‌ಗ್ರೌಂಡಿನಲ್ಲಿ ಸಾರು ಮಾಡಿದೆ. ಸಾರಿನ ಪುಡಿ ಇತ್ತು, ಕುಕ್ಕರ್ ಇರಲಿಲ್ಲ, ಮುಕ್ಕಾಲು ಗಂಟೆ ಬೇಯಿಸಿದೆ. ತೊಗರಿಯ ಹತ್ತಿರವೂ ಬರಲಿಲ್ಲ.

ಮಗನದು ಬೇರೆ ಲೆಕ್ಕ: ಎಲಿವೇಟರ್ ಕಣ್ಣಿಗೆ ಬಿದ್ದಾಗಿಂದ ಊರು ಮುಟ್ಟೋವರೆಗೆ ಎಷ್ಟು ನಿಮಿಷ? ಹೆಚ್ಚುಕಡಿಮೆ ಎಂಟು, ಒಮ್ಮೆ ಹನ್ನೊಂದು.

ಗ್ರಾವೆಲ್‌ಬರ್ಗ್ 13ರ ಮೇಲಿಲ್ಲ, ಉತ್ತರಕ್ಕೆ ತಿರುಗಬೇಕು. ತಿರುಗಿ. 1918-19ರಲ್ಲಿ ಕಟ್ಟಿದ ಇಗರ್ಜಿಯ ಒಳಗೋಡೆಗಳಿಗೆ ಪಾದ್ರಿ ಚಾರ್ಲ್ಸ್ ಮಯ್ಯಾರ್ ತಾವೇ ಹತ್ತು ವರ್ಷ ಚಿತ್ರ ಬರೆದಿದ್ದಾರೆ. ಅರ್ಧ ದಿನ ಅಲ್ಲೇ ಹೋಯಿತು. ಈಸ್ಟೆಂಡ್‌ನಲ್ಲಿ 1991ರಲ್ಲಿ ಸಿಕ್ಕ 'ಸ್ಕಾಟಿ' ಅನ್ನೋ ಟಿ.ರೆಕ್ಸ್ ಡೈನೋಸಾರ್ ಪಳೆಯುಳಿಕೆ ನಿಮಗೆ ಗೊತ್ತಿರಬಹುದು.

ನಾಲ್ಕು ದಿನಕ್ಕೆ ಒಟ್ಟು ನಾನೂರೈವತ್ತು ಡಾಲರ್ ಆಸುಪಾಸು, ಕ್ಯಾಂಪಿಂಗ್ ರಾತ್ರಿಗೆ ಇಪ್ಪತ್ತೈದು. ನಕ್ಕವರಲ್ಲಿ ಇಬ್ಬರು ಈಗ ಸೆಪ್ಟೆಂಬರ್‌ನಲ್ಲಿ ಹೊರಡ್ತೀವಿ ಅಂತಿದ್ದಾರೆ. ಆಗ ಸುಗ್ಗಿ, ಕಾಫಿ ರೋ ಖಾಲಿ. ಜುಲೈನಲ್ಲೇ ಹೋಗಿ.